ಅಕ್ಕ ತಂದ ಹಬ್

ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ನಲವತ್ತು, ಗೋಡೆಯಲ್ಲಿ ಜೀವವಿರುವ ನೆಟ್‌ವರ್ಕ್ ಪೋರ್ಟು ಹದಿಮೂರು. ಉಳಿದವು ಹೆಸರಿಗಷ್ಟೇ. ಇಪ್ಪತ್ತು ವರ್ಷದಿಂದ ಇದರ ಉಸ್ತುವಾರಿ ನನ್ನದು. ಮಕ್ಕಳು ವೈರಿಗಾಗಿ ಕಿತ್ತಾಡುವುದನ್ನು ನೋಡಿ ನೋಡಿ ನನ್ನ ಬಾಯಿ ಕೆಟ್ಟುಹೋಗಿತ್ತು. ಬೈಯದೆ ಒಂದು ಮಾತಾಡಿದರೆ "ಹುಷಾರಿಲ್ವಾ ಸಾರ್?" ಎಂದು ಕೇಳುತ್ತಿದ್ದರು.

ಅಕ್ಕ ಬಂದ ಮೇಲೆ ಕಿತ್ತಾಟ ನಿಂತಿತು. ಅಕ್ಕ ಎಂದರೆ ಕೊನೆಯ ವರ್ಷದ ವಿದ್ಯಾರ್ಥಿನಿ. ತಾಯಿಯ ಕಾಯಿಲೆಯಿಂದ ಓದು ಬಿಟ್ಟು, ಏಳು ವರ್ಷದ ಮೇಲೆ ಮತ್ತೆ ಸೇರಿದವಳು. ಎಲ್ಲರಿಗಿಂತ ದೊಡ್ಡವಳಾದ್ದರಿಂದ ಇಡೀ ಲ್ಯಾಬಿಗೆ ಅಕ್ಕ. ಒಂದು ವೈರಿಗೆ ಇಬ್ಬರು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲು ಎಂದು ಅವಳೇ ನಿಯಮ ಮಾಡಿದಳು. ವೈರು ಕೀಳುವ ಮೊದಲು "ಕೀಳ್ಲಾ?" ಎಂದು ಕೇಳಬೇಕು. "ತಡಿ, ಫೈಲ್ ಹೋಗ್ತಾ ಇದೆ" ಎಂದರೆ ಕಾಯಬೇಕು. ಅವಸರವಿದ್ದವರು ಕೇಳಿದರೆ ಯಾರಾದರೂ ಬಿಟ್ಟುಕೊಡಲೇಬೇಕು. ಇದರ ಜೊತೆಗೆ ಮನೆಯಿಂದ ಎಂಟು ಪೋರ್ಟಿನ ಒಂದು ಪುಟ್ಟ ಹಬ್ ತಂದಳು. ಗೋಡೆಯಿಂದ ಒಂದು ವೈರು ಅದಕ್ಕೆ ಬಂದರೆ, ಅದರಿಂದ ಏಳು ಕಂಪ್ಯೂಟರಿಗೆ ನೆಟ್.

ನನಗೆ ಆ ಡಬ್ಬ ಕಂಡರಾಗುತ್ತಿರಲಿಲ್ಲ. ಕಾರಣ ಕೇಳಿದರೆ ಶಿಸ್ತು, ಸುರಕ್ಷತೆ ಎಂದು ಏನೇನೋ ಹೇಳುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆಯದ್ದು ಅವಳಿಗೆ ಒಂದೇ ವಾರದಲ್ಲಿ ಹೊಳೆದಿತ್ತು. ಹೊಟ್ಟೆಯುರಿ, ಅಷ್ಟೇ.

ಅಂದು ನೆಟ್‌ನಲ್ಲಿ ಕಳಿಸಬೇಕಾದ ಅವಳ ಮುಂದಿನ ಓದಿನ ಅರ್ಜಿಗೆ ಕೊನೆಯ ದಿನ. ವಯಸ್ಸಿನ ಮಿತಿ ಇದ್ದುದರಿಂದ ಅವಳ ಪಾಲಿಗೆ ಕೊನೆಯ ವರ್ಷವೂ ಹೌದು. ಜೊತೆಗಿಡಬೇಕಾದ ಪತ್ರ ಅಂದು ಬೆಳಿಗ್ಗೆಯಷ್ಟೇ ಕೈಸೇರಿತ್ತು. "ನಾಲ್ಕು ಗಂಟೆಗೆ ಮುಚ್ಚುತ್ತೆ ಸಾರ್" ಎಂದು ನನಗೊಬ್ಬನಿಗೆ ಹೇಳಿಹೋಗಿದ್ದಳು.

ಎರಡೂವರೆಗೆ ಸಾಲುಗಳ ನಡುವೆ ಹೋಗುತ್ತಿದ್ದಾಗ ನೆಲದಲ್ಲಿ ಬಿದ್ದಿದ್ದ ವೈರಿನ ತುದಿ ಕಾಲಿಗೆ ತೊಡರಿ ಮುಗ್ಗರಿಸಿದೆ. ಯಾರೋ ಕಿಸಕ್ಕೆಂದರು. "ಲ್ಯಾಬೋ, ಹಗ್ಗ ಹೊಸೆಯೋ ಜಾಗಾನೋ?" ಎಂದು ಗೊಣಗುತ್ತ ತುದಿಯನ್ನೆತ್ತಿ, ಹಬ್‌ನಲ್ಲಿ ಖಾಲಿ ಕಂಡ ಪೋರ್ಟಿಗೆ ಸಿಕ್ಕಿಸಿ ಮುಂದೆ ಹೋದೆ.

ನಿಮಿಷದೊಳಗೆ ಇಡೀ ಲ್ಯಾಬಿನ ನೆಟ್ ನಿಂತಿತು. ಅರ್ಧ ಗಂಟೆ ಎಲ್ಲರೂ ತಲೆ ಕೆಡಿಸಿಕೊಂಡೆವು. ಮೂರಕ್ಕೆ ನನಗೆ ರೇಗಿಹೋಗಿ, ಹಬ್‌ಗೆ ಗೋಡೆಯಿಂದ ಬರುತ್ತಿದ್ದ ವೈರನ್ನು ಕಿತ್ತೆಸೆದೆ. ಗೋಡೆಯ ಉಳಿದ ಪೋರ್ಟುಗಳಿಗೆ ನೆಟ್ ತಟ್ಟನೆ ಬಂತು.

"ನೋಡಿದ್ರಾ? ಮೊದಲಿಂದಾನೂ ಬಡ್ಕೊಂಡೆ, ಈ ಡಬ್ಬ ಬೇಡ ಅಂತ."

"ಸಾರ್, ಒಂದ್ಸಲ ತೆಗೆದು ನೋಡ್ಲಾ? ಬೆಳಿಗ್ಗೆ ಚೆನ್ನಾಗೇ ಇತ್ತು," ಎಂದಳು ಅಕ್ಕ.

"ಮುಟ್ಟಬೇಡ. ಇವತ್ತು ಎಲ್ಲರ ಸರದಿ ಮುಗಿದ ಮೇಲೆ ನಿಂದು."

ಅವಳು ಪಕ್ಕದ ಕುರ್ಚಿಯವಳತ್ತ ಬಗ್ಗಿದಳು. ಅಕ್ಕ ಅಕ್ಕ ಎಂದು ದಿನವೂ ಹಿಂದೆ ಮುಂದೆ ಸುತ್ತುತ್ತಿದ್ದ ಹುಡುಗಿ ಅವಳು.

"ಹತ್ತೇ ನಿಮಿಷ ವೈರ್ ಕೊಡ್ತೀಯಾ? ನನಗೆ..."

"ನಿನ್ನಿಂದಾನೇ ಅರ್ಧ ಗಂಟೆ ಹೋಯ್ತಲ್ಲಕ್ಕ. ನಂದೂ ಕಳಿಸೋದಿದೆ," ಎಂದಳು ಹುಡುಗಿ, ತಿರುಗಿಯೂ ನೋಡದೆ.

ಇನ್ನಿಬ್ಬರನ್ನು ಕೇಳಿದಳು. ಅವರು ಕೇಳಿಸದವರ ಹಾಗೆ ಕೂತರು. ನಾನು ನನ್ನ ಮೇಜಿನಿಂದ ಎಲ್ಲವನ್ನೂ ನೋಡುತ್ತಿದ್ದೆ. ಸುಳ್ಳು ಹೇಳಲಾರೆ, ಒಳಗೊಳಗೇ ಖುಷಿಯಾಗಿತ್ತು. ನಾಲ್ಕು ಹೊಡೆಯಿತು. ಅವಳು ಚೀಲ ಹೆಗಲಿಗೇರಿಸಿ ಹೊರಗೆ ಹೋದಳು.

ನಾಲ್ಕೂಕಾಲಿಗೆ ಹಬ್ ಅನ್ನು ಬೀರುವಿಗೆ ಹಾಕೋಣವೆಂದು ಅದರ ವೈರುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಒಂದನ್ನು ಕಿತ್ತು ಎಳೆದರೆ ಅದರ ಇನ್ನೊಂದು ತುದಿಯೂ ಅದೇ ಹಬ್‌ನಲ್ಲೇ ಇತ್ತು. ಹಾಗೆ ಸಿಕ್ಕಿಸಿದರೆ ಹೋದ ಮಾಹಿತಿಯೇ ಸುತ್ತಿ ಸುತ್ತಿ ಬಂದು ಎಲ್ಲರ ದಾರಿಯೂ ಕಟ್ಟಿಹೋಗುತ್ತದೆ. ಮೊದಲ ವರ್ಷದವರಿಗೆ ನಾನೇ ಹೇಳಿಕೊಡುವ ಪಾಠ. ಮುಗ್ಗರಿಸಿದ್ದು, ತುದಿ ಎತ್ತಿದ್ದು, ಸಿಕ್ಕಿಸಿದ್ದು ನೆನಪಾಯಿತು.

ಸಿಕ್ಕಿಸಿದ್ದನ್ನು ಯಾರೂ ಗಮನಿಸಿರಲಿಲ್ಲ. ಬೀರುವಿಗೆ ಹಾಕಿ ಬೀಗವನ್ನೂ ಹಾಕಿದೆ. ಕುರ್ಚಿಗೆ ಬಂದು ಕೂತೆ. ಕೂರಲಾಗಲಿಲ್ಲ.

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ತಪ್ಪಾಯ್ತು ಸಾರ್. ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತು."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. "ತಪ್ಪು ನಂದು ಅಂತ ಅರ್ಜಿ ತಗೊಳ್ಳೋರಿಗೆ ಬರೀತೀನಮ್ಮ. ಒಂದು ದಿನ ಕೊಡಿ ಅಂತ ಕೇಳ್ತೀನಿ."



"ಬರೀರಿ ಸಾರ್. ಅವರು ಕೊಡಲ್ಲ," ಎಂದಳು ಅಕ್ಕ. "ಮೊದಲು ಒಳಗೆ ಹೋಗಿ ಹೇಳಿ. ಅರ್ಜಿ ಹೋಗಿದ್ದು ಒಂದು ಕಡೆ ಇರ್ಲಿ, ಪಕ್ಕದವಳು ನನ್ನ ಮುಖಾನೇ ನೋಡಲಿಲ್ಲ."

ಲ್ಯಾಬಿನ ನಡುವೆ ನಿಂತು, ವೈರು ಸಿಕ್ಕಿಸಿದ್ದು ನಾನೇ, ಅಕ್ಕನ ಅರ್ಜಿಗೆ ಇವತ್ತೇ ಕೊನೆಯ ದಿನ ಎಂದು ಹೇಳಿದೆ.  ಪಕ್ಕದ ಕುರ್ಚಿಯವಳು ಯಾರನ್ನೂ ಕೇಳದೆ ತನ್ನ ಕಂಪ್ಯೂಟರಿನ ವೈರು ಕಿತ್ತಳು. ಅವಳ ಫೈಲು ಅರ್ಧಕ್ಕೇ ನಿಂತಿತು. ವೈರನ್ನು ಅಕ್ಕನ ಕಂಪ್ಯೂಟರಿಗೆ ಸಿಕ್ಕಿಸಿ ಬಾಗಿಲಿಗೆ ಓಡಿದಳು.

"ಅಕ್ಕ, ಬಾ ಬೇಗ. ಇವತ್ತು ಇನ್ನೂ ಮುಗಿದಿಲ್ವಲ್ಲ, ಈಗ ಹಾಕು."

ನಾಲ್ಕು ಗಂಟೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅದನ್ನೂ ನಾನೇ ಹೇಳಬೇಕಾಯಿತು.