ಮಂಗಳವಾರ ಯಾವ ಅಂಗಿ?

ಮಂಗಳವಾರ ಮಧ್ಯಾಹ್ನ ಪೊನಿರಾಳ ಫೋನಿಗೆ ಒಂದೇ ವಿಡಿಯೊ ಏಳು ಸಲ ಬಂತು. ಅಂಗಳದಲ್ಲಿ ಮಕ್ಕಳು ಹೊಟ್ಟೆ ಹಿಡಿದು ಬಿದ್ದಿದ್ದಾರೆ. ಅಳು ಬರಿಸುವ ಸಂಗೀತ. ಕೆಳಗೆ ಕೆಂಪಕ್ಷರ: 'ಇವತ್ತು ಬೆಳಗ್ಗೆ ಪಕ್ಕದೂರ ಶಾಲೆ. ತುಗಿಯೆಂಳ ಚಿಲೋಕ್ ತಿಂದು.'

ತುಗಿಯೆಂ ಬೆಳಗ್ಗೆ ಪಕ್ಕದೂರಲ್ಲಿ ತಳ್ಳುಗಾಡಿಯಲ್ಲಿ ಚಿಲೋಕ್ ಎಂಬ ಹಿಟ್ಟಿನ ಉಂಡೆ ಮಾರಿ, ಮಧ್ಯಾಹ್ನ ಪೊನಿರಾಳ ಮಗಳು ಲಾರಸ್ ಓದುವ ಶಾಲೆಗೇ ಬರುವವಳು. ಪೊನಿರಾ ಇಸ್ತ್ರಿಪೆಟ್ಟಿಗೆ ಆರಿಸಿ ಶಾಲೆಗೆ ಓಡಿದಳು.

ಗೇಟಿನಲ್ಲಿ ಆಗಲೇ ಹೆಂಗಸರು ಗಾಡಿಗೆ ಅಡ್ಡ ನಿಂತಿದ್ದರು.

"ನಾನು ಮಾರೋಕೆ ಶುರು ಮಾಡಿ ಹದಿನೆಂಟು ವರ್ಷ ಆಯ್ತು ಕಣ್ರೇ. ನನ್ನ ಮೊಮ್ಮಗೂನೂ ಇದನ್ನೇ ತಿನ್ನುತ್ತೆ," ಎಂದಳು ತುಗಿಯೆಂ.

"ಗಾಡಿ ತಗೊಂಡು ಹೋಗು. ಇನ್ನು ಈ ಕಡೆ ತಲೆ ಹಾಕ್ಬೇಡ," ಎಂದಳು ಪೊನಿರಾ.

ಅಷ್ಟರಲ್ಲಿ ಭಾಷೆ ಟೀಚರ್ ರಾತ್ರಿ ಹೊರಗೆ ಬಂದರು. ಅವರ ಹೆಸರೇ ರಾತ್ರಿ. ಮುಖ ಮಾತ್ರ ಸದಾ ಬೆಳಗು. "ವಿಡಿಯೊ ಸರಿಯಾಗಿ ನೋಡಿದ್ರಾ ಅಕ್ಕ?" ಎಂದು ಪೊನಿರಾಳನ್ನು ಕೇಳಿದರು.

"ನೀವು ಸುಮ್ನಿರಿ ಟೀಚರ್. ಓದು ಬರಹ ಬಿಟ್ಟು ಮಕ್ಕಳಿಗೆ ವಿಡಿಯೊ ತೋರಿಸ್ತೀರಂತೆ. ಟೀವಿಯವ್ರು ದಿನಾ 'ವೀಕ್ಷಕರೇ' ಅಂತ ಕರೆದು ತೋರ್ಸೋದು ಸಾಲ್ದಾ?"

"ಅದೇ ಪಾಠ ಅಕ್ಕ. ಅದಕ್ಕೆ ಮೆಮಿರ್ಸಾ ಅಂತಾರೆ, ಅಂದ್ರೆ ವೀಕ್ಷಿಸೋದು, ನೋಡಿ ಅರ್ಥ ಮಾಡ್ಕೊಳ್ಳೋದು. ಬನ್ನಿ, ಇದನ್ನ ಓದೋಣ. ಮೊದ್ಲು ಸೌಂಡ್ ನಿಲ್ಲಿಸಿ. ಈಗ ಅಳು ಬರುತ್ತಾ?"

"ಸ್ವಲ್ಪ ಕಮ್ಮಿ ಆಯ್ತು."

"ಕೆಂಪಕ್ಷರದ ಮೇಲೆ ಹೆಬ್ಬೆರಳಿಡಿ. ಬರೀ ಚಿತ್ರ ಏನು ಹೇಳುತ್ತೆ?"

"ಮಕ್ಕಳು ಬಿದ್ದಿದಾರೆ. ಯಾರೋ ನೀರು ಕೊಡ್ತಿದಾರೆ. ಮಕ್ಕಳ ಮೈಮೇಲೆ ಕಂದು ಅಂಗಿ..." ಪೊನಿರಾ ಫೋನನ್ನು ಕಣ್ಣ ಹತ್ತಿರ ತಂದಳು. ಎರಡೂ ಊರಿನ ಶಾಲೆಬಟ್ಟೆ ಇಸ್ತ್ರಿ ಮಾಡುವವಳು ಅವಳೇ. "ಅಯ್ಯೋ, ಇದು ಸ್ಕೌಟ್ ಅಂಗಿ. ಶುಕ್ರವಾರ ಮಾತ್ರ ಹಾಕೋದು. ಇವತ್ತು ಬಿಳಿ ಅಂಗಿ, ಕೆಂಪು ಲಂಗ. ನಿನ್ನೆ ನಾನೇ ಉಜ್ಜಿ ಉಜ್ಜಿ ಕೊಟ್ಟಿದೀನಿ."

"ಚಿಲೋಕ್ ಎಲ್ಲಿದೆ?"

"ಎಲ್ಲೂ ಇಲ್ಲ ಟೀಚರ್. ಅಕ್ಷರದಲ್ಲಿ ಮಾತ್ರ ಇದೆ."

ಟೀಚರ್ ಪಕ್ಕದೂರ ಶಾಲೆಗೆ ಎಲ್ಲರ ಮುಂದೆಯೇ ಫೋನು ಮಾಡಿದರು. ಅಲ್ಲಿ ಮಕ್ಕಳೆಲ್ಲ ಸುಖವಾಗಿ ಲೆಕ್ಕದ ಪಾಠದಲ್ಲಿದ್ದರು. ವಿಡಿಯೊ ಇನ್ನೆಲ್ಲಿಯದೋ, ಯಾವತ್ತಿನದೋ.

ಪೊನಿರಾಳಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ತುಗಿಯೆಂಳ ಕೈ ಹಿಡಿದು, "ತಪ್ಪಾಯ್ತಕ್ಕ, ಖಾರ ಜಾಸ್ತಿ ಹಾಕಿ ಒಂದು ಪ್ಲೇಟ್ ಕೊಡು," ಎಂದಳು. ಎಲ್ಲರೆದುರೇ ತಿಂದಳು. ಆಮೇಲೆ ವಿಡಿಯೊ ಕಳಿಸಿದ್ದ ಏಳು ಜನರಿಗೂ ಬರೆದಳು: 'ಅಂಗಿ ನೋಡಿ.'

"ಅಮ್ಮಂಗೆ ನೂರಕ್ಕೆ ನೂರು," ಎಂದಳು ಗೇಟಿನ ಬಳಿ ಬಂದು ನೋಡುತ್ತಿದ್ದ ಲಾರಸ್.

ಓದುಗರೇ, ಫೋನು ಹಿಡಿದ ನಾವೆಲ್ಲರೂ ವೀಕ್ಷಕರೇ. ಸದ್ದು ನಿಲ್ಲಿಸಿ, ಅಕ್ಷರ ಮುಚ್ಚಿ, ಚಿತ್ರ ನೋಡಿ, ತಿಳಿದವರನ್ನು ಕೇಳಿ. ಮಕ್ಕಳು ಇದನ್ನು ಕಲಿತು ಬಂದರೆ ಮೂಗು ಮುರಿಯಬೇಡಿ, ಪಕ್ಕದಲ್ಲಿ ಕೂತು ನೀವೂ ಕಲಿಯಿರಿ. ಮುಂದೆ ಕಳಿಸಲು ಎತ್ತಿದ ನಿಮ್ಮ ಹೆಬ್ಬೆರಳ ಕೆಳಗೆ ಯಾರದೋ ಗಾಡಿ ನಿಂತಿರುತ್ತದೆ.