ಖಲಂದರ್ ಹೇಳದೆ ಉಳಿದದ್ದು

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲವದು. ಬಳ್ಳಾರಿಯಿಂದ ಕುಡತಿನಿಗೆ ಹೋಗುವ ದಾರಿಯುದ್ದಕ್ಕೂ ಗ್ಯಾರೇಜುಗಳೆದ್ದಿದ್ದವು. ಅಂಥದೊಂದರಲ್ಲಿ ಖಲಂದರ್ ಲಾರಿಗಳಿಗೆ ವೈರಿಂಗ್ ಮಾಡುತ್ತಿದ್ದ. ನಲವತ್ತು ದಾಟಿದ ಮನುಷ್ಯ, ಮಾತು ಕಮ್ಮಿ. ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಚಹಾಕ್ಕೆ ಕರೆದರೆ ಒಲ್ಲೆ ಎಂದು ನೇರವಾಗಿ ಹೇಳಿಬಿಡುತ್ತಿದ್ದ. ಸೊಕ್ಕಿನವನು ಎಂದು ಹೆಸರಾಗಿತ್ತು.

ಒಂದು ಮಧ್ಯಾಹ್ನ ಯಾರೋ ಡ್ರೈವರ್ ಹೊಸ ಏರ್ ಹಾರ್ನ್ ಹಾಕಿಸಿಕೊಂಡು, ತಮಾಷೆಗೆಂದು ಖಲಂದರನ ಕಿವಿಯ ಹತ್ತಿರವೇ ಬಾರಿಸಿದ. ಉಳಿದವರಿಗೆ ಅದು ಸದ್ದು; ಅವನಿಗೆ ನೋವು. ಕೈಯಲ್ಲಿದ್ದುದನ್ನು ಬಿಸಾಕಿ ಲಾರಿಯ ಕೆಳಗೆ ತೂರಿ, ಕಿವಿ ಮುಚ್ಚಿಕೊಂಡು ಮಲಗಿಬಿಟ್ಟ. ಜನ ಕರೆಯುತ್ತಿದ್ದುದು ಕೇಳಿಸುತ್ತಿತ್ತು, ಆದರೆ ನಾಲಿಗೆ ಏಳಲಿಲ್ಲ. ಸಂಜೆ ಹೊತ್ತಿಗೆ ಮಾಲೀಕ ಎರ್ರೆಪ್ಪ ಅವನನ್ನು ಆಟೋದಲ್ಲಿ ಮನೆಗೆ ಬಿಟ್ಟು, ಸುಧಾರಿಸಿಕೊಂಡ ಮೇಲೆ ಬಾ ಎಂದು ಹೇಳಿ ಹೋದ.

ಗಾಳಿ ಬಡಿದಿದೆ, ದರ್ಗಾಕ್ಕೆ ಕರೆದೊಯ್ಯಿರಿ ಎಂದರು ನೆರೆಯವರು. ನರ್ಸಿಂಗ್ ಓದುತ್ತಿದ್ದ ಮಗಳು ಆಫ್ರೀನ್ ಮಾತ್ರ ಗಾಂಧಿನಗರದ ಮನೋವೈದ್ಯೆಗೇ ತೋರಿಸಬೇಕೆಂದು ಪಟ್ಟು ಹಿಡಿದಳು.

ವೈದ್ಯೆ ಅವಸರ ಮಾಡಲಿಲ್ಲ. ಹಲವು ಸಲ ಕರೆಸಿ ಮಾತಾಡಿಸಿದರು. ಕುರುಗೋಡಿನಿಂದ ಅಕ್ಕ ಕುಲ್ಸುಂಬೀಯನ್ನೂ ಕರೆಸಿ ಅವನ ಚಿಕ್ಕಂದಿನ ಸಂಗತಿ ಕೇಳಿದರು. ತಮ್ಮನಿಗೆ ಮಾತು ತಡವಾಗಿ ಬಂತು, ತಮಟೆ ಸದ್ದಿಗೆ ಮಂಚದ ಕೆಳಗೆ ಅಡಗುತ್ತಿದ್ದ, ಹಳೇ ರೇಡಿಯೋ ಬಿಚ್ಚಿ ಜೋಡಿಸುತ್ತ ಊಟ ಮರೆಯುತ್ತಿದ್ದ ಎಂದಳು ಅಕ್ಕ. ಕೊನೆಗೆ ವೈದ್ಯೆ ಗಂಡಹೆಂಡತಿಯನ್ನು ಕೂರಿಸಿಕೊಂಡು, ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ಹುಟ್ಟಿನಿಂದಲೇ ಇರುವುದು, ಹುಚ್ಚಲ್ಲ; ಸದ್ದು, ಮಾತು, ಎದುರಿನವರ ಮುಖ ಇಂಥವರ ಮಿದುಳಿಗೆ ಬೇರೆ ಥರ ತಟ್ಟುತ್ತವೆ. ಮಾತ್ರೆಯಿಂದ ಹೋಗುವುದಲ್ಲ, ಆದರೆ ಏನೆಂದು ತಿಳಿದ ಮೇಲೆ ಬದುಕನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಖಲಂದರ್ ಮೇಜನ್ನೇ ನೋಡುತ್ತ ಕೇಳಿದ:

"ಹಂಗಾರ ನಾನು ಸೊಕ್ಕಿನವ ಅಲ್ಲೇನ್ರಿ?"

ಅಲ್ಲ ಎಂದರು ವೈದ್ಯೆ. ಬಿಗಿದಿದ್ದ ಅವನ ಹೆಗಲು ತಾನಾಗಿ ಸಡಿಲಾಯಿತು.

ಹೊರಗೆ ಹೆಂಡತಿ ಆಯೇಶಾ ಅವನನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ನಮ್ಮಮ್ಮ ತೀರಿಕೊಂಡ ದಿನ ಯಾಕ ಹಂಗ ಮಾಡಿದ್ರಿ?"

ಅವನಿಗೆ ಸಿರುಗುಪ್ಪದ ಅತ್ತೆಮನೆ ನೆನಪಾಯಿತು. ಮನೆತುಂಬ ಅಳು. ಅವನು ಕಣ್ಣೀರೂ ಹಾಕದೆ, ಹೆಂಡತಿಗೆ ಒಂದು ಸಮಾಧಾನದ ಮಾತೂ ಹೇಳದೆ, ಹಿತ್ತಲಲ್ಲಿ ಕೆಟ್ಟುಹೋಗಿದ್ದ ನೀರಿನ ಮೋಟರ್ ಬಿಚ್ಚಿಕೊಂಡು ಕೂತಿದ್ದ. ಇಂಥ ಅಳಿಯನೂ ಇರುತ್ತಾನೆಯೇ ಎಂದು ನೆಂಟರು ಆಡಿಕೊಂಡಿದ್ದರಂತೆ. ಆಯೇಶಾ ಅದನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದಾಳೆಂದು ಅವನಿಗೆ ತಿಳಿದದ್ದು ಈಗಲೇ.

"ಮನ್ಯಾಗ ನೀರಿರಲಿಲ್ಲ," ಎಂದ. "ಅವರಿಗೆ ಕೊನೀ ಸ್ನಾನ ಮಾಡಿಸಬೇಕಿತ್ತು. ನನ್ನ ಬಾಳ ಚಲೋ ನೋಡಿಕೊಂಡಿದ್ರು. ಕಡೀ ಸಲ ನೀರಿಗೆ ಕಮ್ಮಿ ಆಗಬಾರದು ಅನಿಸ್ತು."

"ಇದನ್ನ ಆವತ್ತ ಹೇಳಬಾರದಿತ್ತೇನು?"

"ನೀ ಕೇಳಲಿಲ್ಲ."

ದೂರಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆಯೇಶಾ ಅಳುತ್ತಲೇ ನಕ್ಕುಬಿಟ್ಟಳು.

ಅಲ್ಲಿಂದೀಚೆಗೆ ಅವಳು ಕೇಳಬೇಕಾದ್ದನ್ನು ಕೇಳತೊಡಗಿದಳು. ಮನಸ್ಸಿಗೆ ಬೇಜಾರಾದರೆ, ಬಂದು ಪಕ್ಕದಲ್ಲಿ ಕೂಡ್ರಿ ಎನ್ನುತ್ತಿದ್ದಳು; ಅವನು ಬಂದು ಕೂಡುತ್ತಿದ್ದ. ಮುಖ ನೋಡಿ ತಿಳಿದುಕೊಳ್ಳಲಿ ಎಂದು ಕಾಯುವುದು ತಪ್ಪಿತು.

ಗ್ಯಾರೇಜಿಗೆ ಮಗಳನ್ನು ಜೊತೆಗೆ ಕರೆದುಕೊಂಡು ಹೋದರೂ ಎರ್ರೆಪ್ಪನಿಗೆ ವಿಷಯ ಹೇಳಿದವನು ಅವನೇ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಎರ್ರೆಪ್ಪ ಕೇಳಿದ್ದಕ್ಕೆ, "ನನಗೂ ಗೊತ್ತಿದ್ದಿಲ್ರಿ" ಎಂದ. ಹಾರ್ನಿನ ಕೆಲಸ ಬೇರೆಯವರ ಪಾಲಾಯಿತು. ಖಲಂದರನಿಗೆ ಸದ್ದು ಕಮ್ಮಿಯಿರುವ ಹಿಂಬದಿಯ ಶೆಡ್ಡಿನಲ್ಲಿ ಜಾಗ ಸಿಕ್ಕಿತು. ಡ್ರೈವರುಗಳೇನೂ ನಗುವುದು ಬಿಡಲಿಲ್ಲ. ಅವನು ದಣಿದು ಬಂದು ಮಾತೇ ಆಡದೆ ಮಲಗುವ ದಿನಗಳೂ ಇದ್ದವು. ಆದರೆ ಮಲಗಿದಾಗ ತನ್ನನ್ನು ತಾನೇ ಬೈದುಕೊಳ್ಳುವುದು ಮಾತ್ರ ನಿಂತಿತು.

ಬೇಸಿಗೆಯಲ್ಲಿ ಕುರುಗೋಡಿನಲ್ಲಿ ಅಕ್ಕನ ಮಗಳ ಮದುವೆ. ಹಿಂದೆಲ್ಲ ಮದುವೆಯೆಂದರೆ ಅವನು ತಪ್ಪಿಸಿಕೊಳ್ಳುತ್ತಿದ್ದ, ಇಲ್ಲವೇ ನಡುವೆ ಎದ್ದು ಹೋಗಿ ಎಲ್ಲರಿಗೂ ಮುನಿಸು ತರುತ್ತಿದ್ದ. ಈ ಸಲ ಸಂಜೆಯ ಮೆರವಣಿಗೆಗೆ ಬ್ಯಾಂಡ್ ಬರುವ ಮೊದಲೇ ಹೊರಡುತ್ತೇನೆಂದು ಮುಂಚೆಯೇ ಅಕ್ಕನಿಗೆ ತಿಳಿಸಿದ್ದ. ನಿಕಾಹ್ ಮುಗಿಯುತ್ತಲೇ ವರನ ಕೈಹಿಡಿದು ಹರಸಿದ. ಕುಲ್ಸುಂಬೀ ಅವನಿಗೆ ಮೊದಲೇ ಬಡಿಸಿದಳು. ಆಯೇಶಾ, ಆಫ್ರೀನ್ ಮದುವೆಮನೆಯಲ್ಲೇ ಉಳಿದರು. ಯಾರೂ ಮುಖ ಗಂಟಿಕ್ಕಲಿಲ್ಲ.

ಬಳ್ಳಾರಿ ಬಸ್ಸು ಖಾಲಿಯಿತ್ತು. ಖಲಂದರ್ ಕಿಟಕಿಗೆ ತಲೆಯಾನಿಸಿದ. ಏನೋ ತಪ್ಪು ಮಾಡಿ ಬಂದೆನೆಂಬ ಅಳುಕು ಈ ಸಲ ಬರಲಿಲ್ಲ. ಊರು ದಾಟುವಷ್ಟರಲ್ಲಿ ನಿದ್ದೆ ಹತ್ತಿತ್ತು.