ಸೊಣ್ಣಮ್ಮನ ಅಕ್ಕಡಿ ಸಾಲು

‘ನಿಮ್ಮ ಹೊಲ ನಿಮಗಾಗಿ ಕಾಯುತ್ತಿದೆ’ ಎಂಬ ಮೇಲ್ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬಿಟಿಎಂ ಲೇಔಟಿನಲ್ಲಿ ಬೆಳೆದವನು ನಾನು. ಯಾವ ಹೊಲವೂ ಯಾರಿಗಾಗಿಯೂ ಕಾದದ್ದನ್ನು ಕಂಡಿಲ್ಲ. ಆದರೂ ಓದಿದ ಕೂಡಲೇ ಎದೆ ಡವಡವ ಅಂದಿತು. ಮೂವತ್ತೇಳು ವರ್ಷದ ಗಂಡಸಿಗೆ ಒಂದು ಕಂಪ್ಯೂಟರ್ ಆಟ ವಾಪಸ್ ಬಂತೆಂದು ಹಾಗೆಲ್ಲ ಆಗಬಾರದು. ನನಗಾಯಿತು.

ಆಟದ ಹೆಸರು ಮಣ್ಣಾಟ. ನನ್ನ ಗೆಳೆಯ, ವಸಂತಪುರದ ನಿಂಗರಾಜ, ತಾನು ಕಾಲೇಜಿನಲ್ಲಿದ್ದಾಗ ಮಾಡಿದ್ದು. ಬ್ರೌಸರಿನಲ್ಲಿ ತೆರೆದರೆ ಒಂದು ತುಂಡು ಹೊಲ ಸಿಗುತ್ತಿತ್ತು. ಉಳಬೇಕು, ಬಿತ್ತಬೇಕು, ಕಳೆ ಕೀಳಬೇಕು. ಪಕ್ಕದಲ್ಲಿ ‘ಚಾವಡಿ’ ಎಂಬ ಹರಟೆಯ ಪುಟ. ಬನಶಂಕರಿ, ಜೆಪಿ ನಗರ, ಶ್ರೀನಗರದ ಇನ್ನೂರು ಮುನ್ನೂರು ಜನ ಅಲ್ಲಿ ಸೇರುತ್ತಿದ್ದೆವು. ಪರೀಕ್ಷೆ ಬಂದರೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ನೀರು ಬಿಡುತ್ತಿದ್ದೆವು. ಯಾರೂ ಯಾರಿಗೂ ಏನನ್ನೂ ಮಾರುತ್ತಿರಲಿಲ್ಲ.

ನನ್ನಜ್ಜಿ ಸೊಣ್ಣಮ್ಮ ಆ ಆಟಕ್ಕೆ ಬಂದದ್ದು ಅವಳ ನಿಜವಾದ ಹೊಲ ಹೋದ ಮೇಲೆ. ತವರಿನಿಂದ ಬಂದ ಒಂದೆಕರೆ ಅವಳ ಹೆಸರಿನಲ್ಲಿತ್ತು. ನನ್ನಪ್ಪ ಚಿಕ್ಕಬೈರಪ್ಪ ಪಿಂಚಣಿ ಕಾಗದ ಎಂದು ಹೇಳಿ ಹೆತ್ತ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡ. ವರ್ಷ ತುಂಬುವಷ್ಟರಲ್ಲಿ ಅಲ್ಲಿ ಐದಂತಸ್ತಿನ ಪಿ.ಜಿ. ಎದ್ದು ನಿಂತಿತು. ಅಜ್ಜಿ ಜಗಳವಾಡಲಿಲ್ಲ. ಮಾತು ಬಿಟ್ಟಳು, ಅಷ್ಟೆ. ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

ತಿಂಗಳಾದ ಮೇಲೆ ಒಂದು ದಿನ, ಆಡುತ್ತಿದ್ದ ನನ್ನ ಹಿಂದೆ ಬಂದು ನಿಂತು ಬಾಯಿ ಬಿಟ್ಟಳು. “ಅದೇನ್ಲಾ, ಗೋಧಿ ಬಿತ್ತಿದ್ದೀಯ? ನಮ್ ಮಣ್ಣಿಗೆ ಗೋಧಿ ಬತ್ತದಾ? ರಾಗಿ ಹಾಕ್ಲಾ.”

ಆಟದಲ್ಲಿ ರಾಗಿ ಇರಲಿಲ್ಲ. ಚಾವಡಿಯಲ್ಲಿ ಹಾಗೆಂದು ಬರೆದೆ. ನಿಂಗರಾಜ ಎರಡು ದಿನ ಕೂತು ರಾಗಿ ತೆನೆ ಬರೆದು ಸೇರಿಸಿದ. ಅಜ್ಜಿಗೆ ಅದೂ ಸಾಲಲಿಲ್ಲ. ಆರು ಸಾಲು ರಾಗಿ, ನಡುವೆ ಒಂದು ಅಕ್ಕಡಿ ಸಾಲು ಅವರೆ, ಮತ್ತೆ ಆರು ಸಾಲು ರಾಗಿ ಆಗಬೇಕೆಂದಳು. ಮಾಡಿದೆ. ಹೊಲವನ್ನು ಅವಳ ಹೆಸರಿಗೇ ಬರೆಸಿದೆ. ಚಾವಡಿಯವರು “ಅಜ್ಜಿ, ಹುರುಳಿ ಯಾವಾಗ ಹಾಕ್ಲಿ?” ಎಂದು ಕೇಳುವುದು, ಅವಳು ಹೇಳುವುದು, ನಾನು ಟೈಪ್ ಮಾಡುವುದು. ಅಜ್ಜಿ ಮತ್ತೆ ಉಂಡಳು, ಮತ್ತೆ ಬೈದಳು. ಆಮೇಲೆ ಬ್ರೌಸರುಗಳು ಆ ಹಳೆಯ ತಂತ್ರಾಂಶವನ್ನು ಓಡಿಸುವುದನ್ನು ನಿಲ್ಲಿಸಿದವು. ಒಂದು ಬೆಳಗ್ಗೆ ತೆರೆದರೆ ಬೂದು ಬಣ್ಣದ ಚೌಕ. ನಿಂಗರಾಜ ಮಾತ್ರ, ಎಲ್ಲ ಹೊಲಗಳನ್ನೂ ಎತ್ತಿಟ್ಟಿದ್ದೇನೆ, ಯಾರದ್ದೂ ಅಳಿಸಿಲ್ಲ ಎಂದು ಬರೆದಿದ್ದ.

ಈಗ ಅಜ್ಜಿಗೆ ಎಂಬತ್ತೆಂಟು. ಹೋದ ತಿಂಗಳು ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ಕೇಳಿದ್ದು, “ಆ ಕಂಪೂಟ್ರು ಹೊಲ ಇನ್ನೂ ಐತೇನ್ಲಾ? ಇದ್ರೆ ಒಂದ್ ಸಲ ತೋರ್ಸು.” ಹಾಗಾಗಿ ಆ ಮೇಲ್ ದೇವರೇ ಕಳಿಸಿದ್ದು ಎಂದುಕೊಂಡೆ.

ಮರುದಿನ ಬೆಳಗ್ಗೆ ಪಿ.ಜಿ.ಯ ಆಫೀಸಿನಲ್ಲಿ ಕೂತು ಫೋನಿನಲ್ಲಿ ತೆರೆದೆ. ಹೌದು, ಅದೇ ಪಿ.ಜಿ. ಅಪ್ಪ ಮಾಡಿದ್ದು ಹಲ್ಕಾ ಕೆಲಸ ಎಂದು ಎರಡು ವರ್ಷ ಅವನ ಜೊತೆ ಊಟಕ್ಕೆ ಕೂರದಿದ್ದ ನಾನೇ ಈಗ ಅದನ್ನು ನಡೆಸುತ್ತೇನೆ.

ಮೊದಲು ಚಾವಡಿಗೆ ಹೋದೆ. ಹೋಗಬಾರದಿತ್ತು. ಹಳೆಯ ಹೆಸರುಗಳೆಲ್ಲ ಇದ್ದವು, ಆದರೆ ಎಲ್ಲರ ಬಾಯಿಂದಲೂ ಜೊಲ್ಲು ಸುರಿಯುತ್ತಿತ್ತು. ಹಿಂದೆ ನನ್ನ ಹೊಲಕ್ಕೆ ನೀರು ಬಿಡುತ್ತಿದ್ದವನು ರಮ್ಮಿ ಆಡಲು ಕರೆಯುತ್ತಿದ್ದ. ಇನ್ನೊಬ್ಬ, ಹುಡುಗಿಯರ ಫೋಟೊ ಬೇಕಾದರೆ ಲಿಂಕ್ ಒತ್ತಿ ಎನ್ನುತ್ತಿದ್ದ. ನಾನು ‘ಎಲ್ಲರೂ ಚೆನ್ನಾಗಿದ್ದೀರಾ?’ ಎಂದು ಬರೆದರೆ ಅರೆಕ್ಷಣದಲ್ಲಿ ಏಳು ಜನ ‘ಸಖತ್ ಆಫರ್ ಇದೆ ಗುರು’ ಎಂದರು. ಹೆಸರಷ್ಟೇ ಹಳೆಯವರದು; ಮಾತಾಡುತ್ತಿದ್ದುದು ಜಾಹೀರಾತಿನ ಯಂತ್ರ. ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿದ ಕೂದಲನ್ನು ಬರಿಗೈಯಲ್ಲಿ ಎಳೆದ ಹಾಗಾಯಿತು. ಫೋನನ್ನು ಅಂಗಿಗೆ ಒರೆಸಿಕೊಂಡೆ, ಸತ್ಯವಾಗಿ.

ನನಗೆ ಬೇಕಿದ್ದುದು ಹೊಲ ಮಾತ್ರ. ‘ಮಲಗಿರುವ ಹೊಲವನ್ನು ಎಬ್ಬಿಸಿ’ ಎಂಬ ಗುಂಡಿ ಒತ್ತಿದೆ. ಷರತ್ತುಗಳ ಉದ್ದನೆಯ ಪುಟ ಬಂತು. ಸರ್ರನೆ ಕೆಳಗೆ ತಳ್ಳಿದೆ. ಕೊನೆಯಲ್ಲಿ, ಒಪ್ಪಿಗೆಗೆ ಬೆರಳಿಡಿ ಎಂದಿತ್ತು. ಇಟ್ಟೆ.

ಹೊಲ ಬಂತು! ಆರು ಸಾಲು ರಾಗಿ, ಒಂದು ಸಾಲು ಅವರೆ. ಕಳೆ ಬೆಳೆದಿತ್ತು, ಬೇಲಿ ಮಸುಕಾಗಿತ್ತು, ಆದರೆ ಮೂಲೆಯ ಫಲಕದಲ್ಲಿ ‘ಸೊಣ್ಣಮ್ಮ’ ಎಂದು ನಾನೇ ಬರೆದದ್ದು ಹಾಗೇ ಇತ್ತು. ಪಿ.ಜಿ.ಯ ಹುಡುಗಿಯೊಬ್ಬಳು ಗೀಸರ್ ಕೆಟ್ಟಿದೆ ಎಂದು ಬಂದವಳು ನನ್ನ ಕಣ್ಣು ನೋಡಿ, “ಅಂಕಲ್, ಆಮೇಲೆ ಬರ್ತೀನಿ” ಎಂದು ಹೋದಳು.

ಮನೆಗೆ ಹೋದಾಗ ಅಜ್ಜಿ ಉಂಡು ಮಲಗಿದ್ದಳು. ನಾಲ್ಕಕ್ಕೆ ಎದ್ದಳು. ಕಾಫಿ ಕೊಟ್ಟು, ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದು ಕೂರಿಸಿ, ಫೋನನ್ನು ಟಿವಿಗೆ ಸೇರಿಸಿದೆ. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಹೊರಗೆ ಹೋಗುವವಳಂತೆ ತಲೆ ಸರಿಮಾಡಿಕೊಂಡಳು.

ಪರದೆ ತೆರೆಯಿತು. ರಾಗಿ ಇರಲಿಲ್ಲ. ಕೆಂಪು ಮಣ್ಣನ್ನು ಸಮಮಾಡಿ, ಸೈಟುಗಳಿಗೆ ನೆಡುವಂತೆ ಕಲ್ಲು ನೆಟ್ಟು ಮೂವತ್ತು ಚೌಕ ಹಾಕಿದ್ದರು; ಒಂದೊಂದರಲ್ಲೂ ರಮ್ಮಿಯ ಬೋರ್ಡು ಮಿಣಮಿಣ ಎನ್ನುತ್ತಿತ್ತು. ಮೂಲೆಯ ಫಲಕದಲ್ಲಿ ‘ಸೊಣ್ಣಮ್ಮ ಲೇಔಟ್’ ಎಂದಿತ್ತು.

“ಇದ್ಯಾಕ್ಲಾ ಕಲ್ಲು ನೆಟ್ಟವ್ರೆ?” ಎಂದಳು ಅಜ್ಜಿ.

ನನಗೆ ಮೈಯೆಲ್ಲ ಉರಿಯಿತು. ಅಲ್ಲೇ ನಿಂಗರಾಜನಿಗೆ ಫೋನ್ ಹಚ್ಚಿದೆ. ಅಜ್ಜಿಯೂ ಕೇಳಲಿ ಎಂದು ಸ್ಪೀಕರಿನಲ್ಲೇ ಇಟ್ಟೆ.

“ಶಶಿಧರ್! ಎಷ್ಟ್ ವರ್ಷ ಆಯ್ತು ಗುರು!”

“ಅಜ್ಜಿ ಹೊಲ ಏನೋ ಮಾಡ್ದೆ?”

“ಓ, ಅದಾ. ನಾನಲ್ಲ ಮಗಾ, ಪಾರ್ಟ್ನರ್ ಕಂಪನಿಯವ್ರು. ಸೈಟ್ ನಡೆಸೋಕೆ ನನ್ ಕೈಲಿ ಆಗ್ತಿರ್ಲಿಲ್ಲ, ಅವ್ರಿಗೆ ಕೊಟ್ಬಿಟ್ಟೆ.”

“ಯಾರದ್ದೂ ಅಳಿಸಲ್ಲ ಅಂದಿದ್ದೆ. ಥೂ! ಎರಡು ದಿನ ಕೂತು ಆ ತೆನೆ ಬರೆದವನು ನೀನು.”

“ಅಳಿಸಿರ್ಲಿಲ್ಲ ಕಣೋ. ಮಲಗಿದ್ ಹೊಲ ಅವ್ರು ಮುಟ್ಟಂಗಿರ್ಲಿಲ್ಲ. ಓನರ್ ಎಬ್ಬಿಸಿ ಒಪ್ಕೊಂಡ್ರೆ ಮಾತ್ರ. ನೀನ್ ಬೆಳಗ್ಗೆ ಬೆರಳು ಒತ್ತಿದ್ಯಲ್ಲ, ಇಲ್ ಕಾಣ್ತಿದೆ. ಷರತ್ತಲ್ಲಿ ಎಲ್ಲಾ ಬರ್ದಿದೆ.”

“ಅದನ್ನೆಲ್ಲ ಯಾವನೋ ಓದ್ತಾನೆ?”

“ನಿನ್ ಪಿ.ಜಿ. ಅಗ್ರಿಮೆಂಟ್ ಯಾವನ್ ಓದ್ತಾನೆ? ನನ್ ತಂಗಿ ಅಲ್ಲಿದ್ಲಲ್ಲ. ‘ಓದೋದೇನಿದೆ, ಸೈನ್ ಮಾಡು’ ಅಂದೋನು ನೀನೇ.”

ಹೌದು, ಅಂದಿದ್ದೆ. ಎಲ್ಲರಿಗೂ ಹಾಗೇ ಅನ್ನುತ್ತೇನೆ.

“ವಾಪಸ್ ತರೋಕೆ ಆಗುತ್ತಾ, ಇಲ್ವಾ?”

“ಇಲ್ಲ ಮಗಾ. ಹೋಯ್ತು.” ಆಮೇಲೆ, “ಅಜ್ಜಿ ಇನ್ನೂ ಇದ್ದಾರಾ?” ಎಂದ. ಕಟ್ ಮಾಡಿದೆ.

ನಿಂಗರಾಜನ ಮೇಲೆ ಅಸಹ್ಯ ಉಕ್ಕುತ್ತಿತ್ತು. ಆ ಚಾವಡಿಯ ಮೇಲೆ, ಅಜ್ಜಿಯ ಹೆಸರಿನ ಪಕ್ಕ ಮಿಣುಕುತ್ತಿದ್ದ ಇಸ್ಪೀಟು ರಾಣಿಯ ಮೇಲೆ. ಬಾಯಿಗೆ ಬಂದ ಹಾಗೆ ಬೈದೆ. ಕಳ್ಳರು, ಹೊಲಸು ತಿನ್ನುವವರು, ಮುದುಕಿಯ ಹೊಲಕ್ಕೂ ಬಾಯಿ ಹಾಕುವ ನಾಯಿಗಳು ಎಂದೆಲ್ಲ ಅಂದೆ. ಇದೇ ಮಾತುಗಳನ್ನು ಹಿಂದೊಮ್ಮೆ ಇದೇ ಹಾಲಿನಲ್ಲಿ ನಿಂತು ಅಪ್ಪನಿಗೆ ಅಂದಿದ್ದೆ.

ಅಜ್ಜಿ ನಾನು ಮುಗಿಸುವವರೆಗೂ ಕಾದಳು. ಆಮೇಲೆ ಕೈ ಚಾಚಿದಳು. ಫೋನು ಬೇಕೇನೋ ಎಂದು ಕೊಡಲು ಹೋದೆ. ಅದನ್ನು ಪಕ್ಕಕ್ಕೆ ಸರಿಸಿ, ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ತಿರುಗಿಸಿ ಹೊಸ ಕಣ್ಣಿನ ಹತ್ತಿರ ತಂದು ನೋಡಿದಳು.

“ಇದನ್ನೇನ್ಲಾ ಒತ್ತಿದ್ದು?”

“ಹೂಂ.”

“ಓದ್ದೇನೆ?”

“ಹೂಂ ಅಜ್ಜಿ.”

“ನಂಗೆ ಓದಕ್ ಬತ್ತಿರ್ಲಿಲ್ಲ” ಎಂದಳು. “ನಿಂಗೇನಾಗಿತ್ಲಾ?”

ಕೈ ಬಿಟ್ಟಳು. ಕಾಫಿ ಲೋಟ ತೆಗೆದುಕೊಂಡು, ಟಿವಿ ಆರಿಸು ಎಂದು ಸನ್ನೆ ಮಾಡಿದಳು. ಆಮೇಲೆ ರಾತ್ರಿ ಊಟಕ್ಕೆ ಕರೆದಾಗಲೂ ಅವಳು ಮಾತಾಡಲಿಲ್ಲ.